ಉಡಿದಾರ ಕಟ್ಟಿದ ತೋಟೆಗಳು

ನಮ್ಮ ಭಟ್ರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಆದರೆ ಕರಡಿಗೆ ಯಾವ ತೋಟೆ ಒಳ್ಳೆಯದು ಅಂತ ಕೇಳಿ ನೋಡಿ, ಕಾಫಿ ಆರಿಹೋದರೂ ಬಿಡುವುದಿಲ್ಲ. ಊರು ಶಿರಸಿ ಕಡೆ, ಕೆಲಸ ಸಿಯಾಟಲ್‌ನಲ್ಲಿ. ಜೀವಮಾನದಲ್ಲಿ ಒಂದು ಇಲಿಯನ್ನೂ ಹೊಡೆದಿಲ್ಲ. ತೋಟೆಗಳ ಲೆಕ್ಕ ಮಾತ್ರ ಮಗ್ಗಿ ಥರ ಬಾಯಿಪಾಠ.

ಕಳೆದ ವರ್ಷ ಕೊಡಗಿನ ಅಣ್ಣ ಅಲಾಸ್ಕಾಗೆ ಮೂಸ್ ಬೇಟೆಗೆ ಹೊರಟರು. ಮೂಸ್ ಅಂದರೆ ನಮ್ಮ ಕಡವೆಯ ದೊಡ್ಡಪ್ಪ. ದೊಡ್ಡ ಗಂಡು 700 ಕಿಲೋವರೆಗೂ ತೂಗುತ್ತದೆ. ಅದೇ ಕಾಡಲ್ಲಿ ಕಂದು ಕರಡಿಯೂ ಓಡಾಡುತ್ತಿರುತ್ತದೆ. ಅಣ್ಣನ ಹತ್ತಿರ ಇದ್ದದ್ದು ಒಂದೇ ಒಂದು ಹಳೆಯ .30-06 ರೈಫಲ್. ಅದು ಸಾಕಾ, ಇನ್ನೂ ಜಾಸ್ತಿ ಮದ್ದು ಹಿಡಿಯುವ ಮ್ಯಾಗ್ನಮ್ ಬೇಕಾ? ಇಷ್ಟೇ ಪ್ರಶ್ನೆ. ಅದಕ್ಕೆ ನಾವು ಮೂರು ಭಾನುವಾರ ಅವರ ಗ್ಯಾರೇಜಿನಲ್ಲಿ ಚಕ್ಕುಲಿ ಖಾಲಿ ಮಾಡಿದೆವು.

ಭಟ್ರು ಜೇಬಿನಿಂದ ಮೂರು ಡಮ್ಮಿ ತೋಟೆ ತೆಗೆದು ಚಕ್ಕುಲಿ ತಟ್ಟೆಯ ಪಕ್ಕ ನಿಲ್ಲಿಸಿದರು. ".338 ವಿಂಚೆಸ್ಟರ್. .340 ವೆದರ್ಬಿ. .375 ಹಾಲೆಂಡ್ ಅಂಡ್ ಹಾಲೆಂಡ್."

ಮಂಡ್ಯದ ಗೌಡ ಬಗ್ಗಿ ನೋಡಿದ. "338ಕ್ಕಿಂತ 340 ಎರಡು ಎಳೆ ದಪ್ಪ ಅಲ್ವಾ?"

"ಇಲ್ಲ. ಎರಡಕ್ಕೂ ಗುಂಡು ಒಂದೇ. 0.338 ಇಂಚು."

"ಮತ್ತೆ 340 ಅಂತ ಯಾಕಿಟ್ರು?"

"ಸುಮ್ನೆ."

"ಓ, ನಮ್ಮೂರ ಬಸ್ಸಿಗೆ ಎಕ್ಸ್‌ಪ್ರೆಸ್ ಅಂತ ಬರೆದ ಹಾಗೆ."

ಗೌಡ ಅಲ್ಲಿಗೇ ಸುಮ್ಮನಾಗಬಹುದಿತ್ತು. "ಹಂಗಾದ್ರೆ .375?" ಅಂದುಬಿಟ್ಟ.

"ಅದು ಸರಿಯಾಗಿ 0.375 ಇಂಚೇ. ಅದಕ್ಕೂ .338ಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಮ್ಮಿ."

"ರಾಗಿ ಕಾಳಿನಷ್ಟೂ ಇಲ್ಲ! ಅಷ್ಟಕ್ಕೆ ಮೂರು ಭಾನುವಾರಾನಾ?"

ಭಟ್ರು .375 ತೋಟೆಯನ್ನು ನನ್ನ ಕೈಗೆ ಕೊಟ್ಟರು. ಉದ್ದಕ್ಕಿದೆ. ಬುಡದಿಂದ ಮೇಲಕ್ಕೆ ಹೋಗ್ತಾ ಹೋಗ್ತಾ ಸಣ್ಣಗಾಗುತ್ತದೆ. ಮೈ ಕಿರಿದಾಗಿ ಕತ್ತಿಗೆ ಸೇರುವ ಜಾಗಕ್ಕೆ ಹೆಗಲು ಅಂತಾರೆ, ಅದು ಇದೆಯೋ ಇಲ್ಲವೋ ಅನ್ನುವಷ್ಟು ಜಾರು. ಬುಡದ ಹತ್ತಿರ ಸುತ್ತಲೂ ಒಂದು ಉಬ್ಬಿದ ಪಟ್ಟಿ. ಬೆರಳಾಡಿಸಿದರೆ ಉಗುರಿಗೆ ಸಿಕ್ಕುತ್ತದೆ.

"ಇದೇನ್ರೀ, ಉಡಿದಾರ ಕಟ್ಟಿದ್ದಾರೆ?" ಅಂದೆ.

ಭಟ್ರಿಗೆ ಆ ಮಾತು ಎಷ್ಟು ಹಿಡಿಸಿತು ಅಂದರೆ, ಮುಂದೆ ಬೆಲ್ಟ್ ಅನ್ನುವ ಪದವೇ ಅವರ ಬಾಯಲ್ಲಿ ಬರಲಿಲ್ಲ. "ಇದು ಅಜ್ಜ. 1912, ಲಂಡನ್. ಆಗಿನ ಮದ್ದು ಕಾರ್ಡೈಟ್, ಶಾವಿಗೆ ಎಳೆ ಇದ್ದ ಹಾಗೆ ಇರುತ್ತಿತ್ತು. ಇಂಡಿಯಾ, ಆಫ್ರಿಕಾದ ಬಿಸಿಲಿಗೆ ಒತ್ತಡ ಏರಿ ಖಾಲಿ ತೋಟೆ ನಳಿಗೆಯಲ್ಲಿ ಕಚ್ಚಿಕೊಂಡರೆ ಎದುರಿಗೆ ಹುಲಿ ನಿಂತಿರುತ್ತದೆ. ಅದಕ್ಕೇ ಈ ಇಳಿಜಾರು ಮೈ, ಸಲೀಸಾಗಿ ಹೊರಗೆ ಬರಲಿ ಅಂತ. ಆದರೆ ಹೆಗಲು ಜಾರಿದರೆ ತೋಟೆ ಒಳಗೆ ಎಷ್ಟು ಹೋಗಿ ನಿಲ್ಲಬೇಕು? ಅದನ್ನು ತಡೆದು ನಿಲ್ಲಿಸುವುದೇ ಉಡಿದಾರ."

"ಮಿಕ್ಕ ಎರಡಕ್ಕೆ ಹೆಗಲು ಚೆನ್ನಾಗೇ ಇದೆಯಲ್ಲ?"

"ಇದೆ. ಅಜ್ಜನ ಮೈಯನ್ನೇ ಮೋಟು ಮಾಡಿ, ನೆಟ್ಟಗೆ ಮಾಡಿ, ಬಾಯಿ ಸಣ್ಣ ಮಾಡಿದರು, .338 ಆಯಿತು. 1958. ಅದಕ್ಕೆ ಬಂದ ರೈಫಲ್ಲಿನ ಹೆಸರೇ ಅಲಾಸ್ಕನ್. ಕ್ಯಾಲಿಫೋರ್ನಿಯಾದ ರಾಯ್ ವೆದರ್ಬಿ ನೋಡಿದ, ಮೋಟು ಮಾಡಲೇ ಇಲ್ಲ. ಪೂರ್ತಿ ಉದ್ದಕ್ಕೂ ಹಿಗ್ಗಿಸಿ ಮದ್ದು ತುರುಕಿದ. 1962ರಲ್ಲಿ .340. ಇಬ್ಬರು ಮೊಮ್ಮಕ್ಕಳಿಗೂ ಉಡಿದಾರ ಬೇಕಿರಲಿಲ್ಲ."

"ಪ್ಯಾಂಟಿಗೆ ಬೆಲ್ಟ್ ಬಂದ ಮೇಲೂ ಅಜ್ಜಿ ಬಿಚ್ಚೋಕೆ ಬಿಡಲಿಲ್ಲ," ಅಂದ ಗೌಡ. "ಯಾವನೂ ಬಿಚ್ಚಲೇ ಇಲ್ವಾ?"

"2007ರಲ್ಲಿ .375 ರೂಗರ್ ಬಂತು. ಉಡಿದಾರ ಇಲ್ಲ, ಗಿಡ್ಡ, ಆದರೂ ಅಜ್ಜನಿಗಿಂತ ಒಂದು ಕೈ ಜೋರು. ಅದರ ಸುದ್ದಿ ಇವತ್ತು ಬೇಡ." ಯಾಕೆ ಬೇಡ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾಲ್ಕನೇ ಭಾನುವಾರ ಆಗುತ್ತಿತ್ತು.

ತೂಕದ ಮಾತು ಬಂತು. ಗುಂಡಿನ ತೂಕ ಗ್ರೇನ್‌ನಲ್ಲಿ ಹೇಳುತ್ತಾರೆ. ಗೌಡನಿಗೆ ತಲೆಬುಡ ಅರ್ಥವಾಗಲಿಲ್ಲ. ಭಟ್ರು ತಕ್ಷಣ, "ಹಳೆಯ ಒಂದು ತೊಲ ಅಂದರೆ ಸರಿಯಾಗಿ 180 ಗ್ರೇನ್ ಮಾರಾಯಾ" ಅಂದರು. ಅಣ್ಣನ .30-06ರಲ್ಲಿ 180 ಗ್ರೇನ್ ಗುಂಡು. ಒಂದು ತೊಲ! .338 ಮತ್ತು .340ರಲ್ಲಿ 250, ಹತ್ತಿರ ಹತ್ತಿರ ಒಂದೂಕಾಲು ಮೇಲೆ ಸ್ವಲ್ಪ. ಅಜ್ಜನಿಗೆ 300, ಒಂದೂವರೆಗಿಂತ ಜಾಸ್ತಿ. ಗೌಡನ ಮುಖ ಅರಳಿತು. ತಂಗಿ ಮದುವೆಗೆ ಚಿನ್ನ ತೆಗೆದವನು ಅವನು.

"ಮೂರರಲ್ಲಿ ಯಾವುದು ಜೋರು?"

"ಸೆಕೆಂಡಿಗೆ .338 ಸುಮಾರು 2,650 ಅಡಿ. .340 ಸುಮಾರು 2,900. ಅಜ್ಜ 2,530. ಹೊಡೆತದ ಲೆಕ್ಕ ಹಾಕಿದರೆ ವೆದರ್ಬಿಯೇ ಮುಂದೆ, ಅಜ್ಜ ಎರಡನೆಯವನು."

"ಹಂಗಾದ್ರೆ ವೆದರ್ಬಿನೇ ತಗೊಳ್ಳಿ, ಮುಗೀತು."

ಅಣ್ಣ ಆವರೆಗೂ ಒಂದು ಮಾತಾಡಿರಲಿಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರು. ಸಣ್ಣ ದನಿಯಲ್ಲಿ ಕೇಳಿದರು. "ಭಟ್ರೇ, ನೀವು ವೆದರ್ಬಿ ಹೊಡೆದಿದ್ದೀರಾ?"

ಮುಂದಿನ ಶನಿವಾರ ಊರಾಚೆಯ ಒಂದು ರೇಂಜಿಗೆ ಹೋದೆವು. ಅಣ್ಣನ ಗೆಳೆಯನೊಬ್ಬ .340 ತಂದಿದ್ದ. ಭಟ್ರು ಕೂತರು. ಕೋವಿ ಹಿಂದಕ್ಕೆ ಒದೆಯುವ ಹಿಂಬಡಿ ಹಗುರವಾಗಲಿ ಅಂತ ಅದನ್ನು ಹೆಗಲಿಗೆ ಸಡಿಲವಾಗಿ ಇಟ್ಟುಕೊಂಡರು. ಕಣ್ಣನ್ನು ಕೋವಿಯ ಮೇಲಿನ ದುರ್ಬೀನಿಗೆ ಇನ್ನೇನು ತಾಗುವಷ್ಟು ಹತ್ತಿರ ತಂದರು. ಅಣ್ಣ "ನಿಲ್ಲಿ" ಅನ್ನುವಷ್ಟರಲ್ಲಿ ಢಂ.

ಗುಂಡು ಎಲ್ಲಿ ಹೋಯಿತೋ ಗೊತ್ತಿಲ್ಲ. ದುರ್ಬೀನಿನ ಅಂಚು ಮಾತ್ರ ಗುರಿ ತಪ್ಪಲಿಲ್ಲ. ಬಲ ಹುಬ್ಬಿನ ಮೇಲೆ ಅಚ್ಚುಕಟ್ಟಾದ ಅರ್ಧಚಂದ್ರ, ಅದರಿಂದ ಒಂದು ಕೆಂಪು ಗೆರೆ ಮೂಗಿನವರೆಗೆ. "ಸಾಕ್ಷಾತ್ ಶಿವ," ಅಂತ ಗೌಡ ಕೈ ಮುಗಿದ. ಭಟ್ರು ಕರವಸ್ತ್ರ ಒತ್ತಿಕೊಂಡೇ, ".30-06ರ ಹಿಂಬಡಿಗೆ ಇದು ಹೆಚ್ಚುಕಮ್ಮಿ ಎರಡು ಪಟ್ಟು. ಪುಸ್ತಕದಲ್ಲಿ ಹಾಗೇ ಇದೆ," ಅಂದರು. ಅವರ ದನಿಯಲ್ಲಿ ನೋವಿಗಿಂತ ಲೆಕ್ಕ ಸರಿಹೋದ ಸಂತೋಷವೇ ಜಾಸ್ತಿ ಇತ್ತು.

ವಾಪಸ್ ಬರುವಾಗ ಕಾರಿನಲ್ಲಿ ಗೌಡ ಕೇಳಿದ. "ಅಣ್ಣಾ, ಕರಡಿ ಮೈಮೇಲೆ ಬಂದರೆ ಹೊಡೆಯಬಹುದಾ?"

"ಜೀವಕ್ಕೆ ಬಂದರೆ ಹೊಡೆಯಬಹುದು. ಆಮೇಲೆ ಉಗುರು ಸಮೇತ ಚರ್ಮ ಸುಲಿದು, ತಲೆಬುರುಡೆ ಜೊತೆ ಸರ್ಕಾರಕ್ಕೆ ಒಪ್ಪಿಸಬೇಕು."

"ಬದುಕಿದ್ದಕ್ಕೆ ಬಿಟ್ಟಿ ಚಾಕರಿ ಬೇರೆ!"

"ಮೂಸ್ ಇನ್ನೂ ಕಷ್ಟ. ತಿನ್ನುವ ಮಾಂಸ ಒಂದು ಚೂರೂ ಬಿಟ್ಟು ಬರುವ ಹಾಗಿಲ್ಲ. ಇನ್ನೂರು ಕಿಲೋ ಮೇಲೆ ಇರುತ್ತದೆ. ಎಲ್ಲ ಬೆನ್ನ ಮೇಲೆ ಹೊರಬೇಕು. ಅದಕ್ಕೇ ನೀರಲ್ಲಿ ನಿಂತಿರುವ ಮೂಸಿಗೆ ಬುದ್ಧಿ ಇದ್ದವನು ಹೊಡೆಯುವುದಿಲ್ಲ. ಅಲ್ಲಿ ಬಿತ್ತು ಅಂದರೆ ಎಳೆಯುವವರು ಯಾರು?"

ಸೆಪ್ಟೆಂಬರಿನಲ್ಲಿ ಅಣ್ಣ ಹೋದರು. ಒಯ್ದದ್ದು ಅದೇ ಹಳೆಯ .30-06. ಹತ್ತು ದಿನ ಬಿಟ್ಟು ಗಡ್ಡ ಬಿಟ್ಟುಕೊಂಡು, ಬರಿಗೈಲಿ ಬಂದರು. ನಾವು ಗ್ಯಾರೇಜಿಗೆ ಓಡಿದೆವು.

"ಕೊನೆಯ ದಿನ ಸಿಕ್ಕಿತ್ತು. ಭಾರೀ ಗಂಡು. ಕೊಂಬು ನಮ್ಮ ಮನೆಯ ಬಾಗಿಲಷ್ಟು ಅಗಲ. ಕೆರೆಯಲ್ಲಿ ಹೊಟ್ಟೆವರೆಗೆ ಇಳಿದು ಜೊಂಡು ಮೇಯುತ್ತಿತ್ತು. ಮೇಲೆ ಬರಲಿ ಅಂತ ಒಂದೂವರೆ ಗಂಟೆ ಕಾದೆ."

"ಬಂತಾ?"

"ಬಂತು. ಆಚೆ ದಡಕ್ಕೆ."

ಯಾರೂ ಮಾತಾಡಲಿಲ್ಲ. ಭಟ್ರು ಹುಬ್ಬಿನ ಗಾಯದ ಗುರುತು ಸವರಿಕೊಂಡರು. ನಿಧಾನವಾಗಿ ಜೇಬಿನಿಂದ ಪೆನ್ನು ತೆಗೆದು, ಚಕ್ಕುಲಿ ಕಟ್ಟಿದ್ದ ಕಾಗದವನ್ನು ಮಗುಚಿದರು.

"ಆಚೆ ದಡ ಎಷ್ಟು ಗಜ ಇತ್ತು ಅಂದ್ರಿ?"

ಗೌಡ ಪೆನ್ನು ಕಿತ್ತುಕೊಂಡ.