ಚಿಕ್ಕಪ್ಪನ ಪ್ರಶ್ನೆಗೆ: ಇಡೀ ದಿನ ನಿಂತು ಬ್ಯಾಂಡ್ ಕೇಳಿದ ಬಗ್ಗೆ

ಚಿಕ್ಕಪ್ಪ, ನಿನ್ನೆ ರಾತ್ರಿ ನಾನು ಸಂಗೀತ ಉತ್ಸವದ ನಾಲ್ಕು ಫೋಟೊಗಳನ್ನು ಈ ಗುಂಪಿಗೆ ಹಾಕಿದಾಗ ನೀವು ಒಂದು ಪ್ರಶ್ನೆ ಕೇಳಿದ್ದಿರಿ. ಮನೆಯಲ್ಲಿ ಕುಳಿತು ಫೋನಿನಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಕೇಳಬಹುದಾದ ಹಾಡುಗಳಿಗಾಗಿ ಜನಜಂಗುಳಿಯಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ನಿಲ್ಲುವುದರಲ್ಲಿ ಸಿಗುವುದಾದರೂ ಏನು ಎಂದು. ಅದರ ಕೆಳಗೇ ಅಕ್ಕ, ಮುಂದಿನ ಭಾನುವಾರ ನಡೆಯುವ ಎರಡನೆಯ ದಿನಕ್ಕೆ ಒಂಬತ್ತು ವರ್ಷದ ಪುಟ್ಟಿಯನ್ನು ಕರೆದುಕೊಂಡು ಹೋಗಬಹುದೇ, ಅವಳ ಕಿವಿಗೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದ್ದಾಳೆ. ಎರಡಕ್ಕೂ ಒಂದೊಂದು ಸಾಲಿನಲ್ಲಿ ಉತ್ತರಿಸಿದರೆ ಅದು ಉತ್ತರವೆನಿಸುವುದಿಲ್ಲ. ಆದ್ದರಿಂದ ಸ್ವಲ್ಪ ಉದ್ದವಾದರೂ ಸಾವಧಾನವಾಗಿ ಹೇಳುತ್ತೇನೆ.

ಮೊದಲಿಗೆ ನಿಮ್ಮ ಮಾತನ್ನು ಒಪ್ಪಿಕೊಳ್ಳುತ್ತೇನೆ. ಸ್ಪಷ್ಟತೆ ಒಂದನ್ನೇ ನೋಡುವುದಾದರೆ ಧ್ವನಿಮುದ್ರಣದ್ದೇ ಮೇಲುಗೈ. ಸ್ಟುಡಿಯೊದಲ್ಲಿ ಎಷ್ಟೋ ಬಾರಿ ಡ್ರಮ್ಸ್ ಒಂದು ದಿನ, ಗಿಟಾರ್ ಮತ್ತೊಂದು ದಿನ, ಹಾಡುಗಾರಿಕೆ ಇನ್ಯಾವತ್ತೋ ಮುದ್ರಣವಾಗುತ್ತದೆ. ತಪ್ಪಿದ್ದನ್ನು ತಿದ್ದಿ, ಬೇಡವಾದದ್ದನ್ನು ತೆಗೆದು, ಎಲ್ಲವನ್ನೂ ಜೋಡಿಸಿದ ಮೇಲೆ ಅದು ನಮ್ಮ ಕಿವಿಗೆ ಬರುತ್ತದೆ. ನಮಗೆ ದೊರೆಯುವುದು ಮುಗಿದ ಹಾಡು. ಆದರೆ ಆ ಹಾಡನ್ನು ನಾಲ್ಕೈದು ಜನ ಒಟ್ಟಿಗೆ ನಿಂತು, ಒಬ್ಬರ ನುಡಿಸುವಿಕೆಗೆ ಇನ್ನೊಬ್ಬರು ಕಿವಿಗೊಟ್ಟು, ಆ ಕ್ಷಣದಲ್ಲೇ ಕಟ್ಟುವುದನ್ನು ನೋಡಬೇಕಾದರೆ ವೇದಿಕೆಯ ಮುಂದೆಯೇ ನಿಲ್ಲಬೇಕು. ನನಗೆ ಆ ದಿನ ದಕ್ಕಿದ್ದು ಅದು. ಅವರು ಹಾಡುವುದಕ್ಕಿಂತ ಹೆಚ್ಚಾಗಿ ಅವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದನ್ನು ನಾನು ನೋಡಿದೆ.

ನಾನು ತಲುಪಿದಾಗ ಚಿಕ್ಕ ವೇದಿಕೆಯಲ್ಲಿ ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತುವ ಸಮಯ. ಹೆಚ್ಚಿನವರು ಈ ಬಿಡುವಿನಲ್ಲಿ ಬೇರೆ ಕಡೆ ಹೋಗುತ್ತಾರೆ, ನಾನು ಹೋಗಲಿಲ್ಲ, ಹೋಗದಿದ್ದದ್ದು ಒಳ್ಳೆಯದಾಯಿತು. ಒಂದೇ ಬ್ಯಾಂಡಿನ ಕಾರ್ಯಕ್ರಮವಾದರೆ ಅವರು ಮಧ್ಯಾಹ್ನವೇ ಬಂದು, ಪ್ರತಿಯೊಂದು ವಾದ್ಯವನ್ನೂ ನುಡಿಸಿ, ಪೂರ್ತಿ ಹಾಡುಗಳನ್ನು ಹಾಡಿ ಸೌಂಡ್ ಚೆಕ್ ಮಾಡಿಕೊಳ್ಳುತ್ತಾರೆ. ಉತ್ಸವದಲ್ಲಿ ಅಷ್ಟು ಪುರುಸೊತ್ತು ಎಲ್ಲಿಯದು? ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಇರುವ ಅವಧಿಯಲ್ಲಿ ಹಳೆಯ ಡ್ರಮ್ಸ್ ಸರಿಯಬೇಕು, ಹೊಸದು ಬರಬೇಕು, ಹತ್ತಾರು ಮೈಕ್‌ಗಳ ತಂತಿಗಳು ಸರಿಯಾದ ತೂತುಗಳಿಗೆ ಸೇರಬೇಕು. ಆದ್ದರಿಂದ ಅವರು ಮಾಡುವುದು ಲೈನ್ ಚೆಕ್ ಮಾತ್ರ. ಅಂದರೆ ಪ್ರತಿ ತಂತಿಯಲ್ಲೂ ಶಬ್ದ ಬರುತ್ತಿದೆಯೇ ಎಂಬುದಷ್ಟನ್ನೇ ನೋಡುತ್ತಾರೆ. ಆ ಶಬ್ದ ಚೆನ್ನಾಗಿದೆಯೇ ಎಂದು ನೋಡಲು ಸಮಯವಿರುವುದಿಲ್ಲ. ಡ್ರಮ್ಸ್ ನುಡಿಸುವ ಹುಡುಗಿ ಬಂದು ಕುಳಿತವಳು ಮೊದಲು ಯಾವುದನ್ನೂ ಬಾರಿಸಲಿಲ್ಲ. ಬಗ್ಗಿ, ಕಾಲಿನಿಂದ ಒತ್ತುವ ದೊಡ್ಡ ಡ್ರಮ್ಮಿನ ಮುಂದಿನ ಎರಡು ಚೂಪು ಕಾಲುಗಳನ್ನು ಕೆಳಗೆ ಹಾಸಿದ ಜಮಖಾನೆಗೆ ಗಟ್ಟಿಯಾಗಿ ಊರಿದಳು. ಆಮೇಲೆ ತಿಳಿಯಿತು, ಪ್ರತಿ ಪೆಟ್ಟಿಗೂ ಆ ಡ್ರಮ್ಮು ಕೂದಲೆಳೆಯಷ್ಟು ಮುಂದೆ ಜಾರುತ್ತದೆ. ಬಿಗಿ ಮಾಡದಿದ್ದರೆ ಮೂರನೆಯ ಹಾಡಿನ ಹೊತ್ತಿಗೆ ಅವಳು ಕಾಲು ಚಾಚಿ ಅದನ್ನು ಹುಡುಕುತ್ತಾ ನುಡಿಸಬೇಕಾಗುತ್ತದೆ. ಫೋನಿನಲ್ಲಿ ನೂರು ಬಾರಿ ಕೇಳಿದ ಆ ಗುಂ ಎಂಬ ಸದ್ದಿನ ಹಿಂದೆ ಇಂಥದ್ದೊಂದು ಕಾಳಜಿ ಇದೆ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಅವರ ಮೊದಲ ಹಾಡು ಕಲಸುಮೇಲೋಗರವಾಗಿ ಕೇಳಿಸಿತು. ಹಾಡುಗಾರನ ಮಾತು ಗಿಟಾರಿನ ಅಡಿಯಲ್ಲಿ ಹೂತುಹೋಗಿತ್ತು. ನನ್ನ ಪಕ್ಕದಲ್ಲಿದ್ದ ಇಬ್ಬರು ಬೇಸರಪಟ್ಟು ಹೊರಟುಹೋದರು, ಅವರನ್ನು ನೆನೆದರೆ ಈಗಲೂ ಅಯ್ಯೋ ಎನಿಸುತ್ತದೆ. ಲೈನ್ ಚೆಕ್ ಮಾತ್ರ ಆಗಿರುವಾಗ ಸೌಂಡ್ ಇಂಜಿನಿಯರ್ ನಿಜವಾದ ಹೊಂದಾಣಿಕೆ ಮಾಡುವುದೇ ಆ ಮೊದಲ ಹಾಡು ನಡೆಯುತ್ತಿರುವಾಗ. ನಾನು ವೇದಿಕೆಯ ಎದುರಿನಿಂದ ಹಿಂದೆ ಸರಿದು, ಜನರ ನಡುವೆ ಇಂಜಿನಿಯರ್ ಕುಳಿತು ಎಲ್ಲ ವಾದ್ಯಗಳ ಸದ್ದನ್ನು ಹೊಂದಿಸುವ ಮಿಕ್ಸರ್ ಮೇಜಿನ ಬಳಿಗೆ ಹೋಗಿ ನಿಂತೆ. ಅವರು ತಮ್ಮ ಕಿವಿಗೆ ಸರಿಯೆನಿಸುವಂತೆ ಎಲ್ಲವನ್ನೂ ಹೊಂದಿಸುವುದರಿಂದ ಇಡೀ ಮೈದಾನದಲ್ಲಿ ಸಮತೋಲದ ಧ್ವನಿ ಸಿಗುವ ಜಾಗ ಸಾಮಾನ್ಯವಾಗಿ ಅದೇ. ಎರಡನೆಯ ಹಾಡಿನ ನಡುವೆ ಮಂಜು ಸರಿದ ಹಾಗೆ ಹಾಡಿನ ಮಾತುಗಳು ಒಂದೊಂದಾಗಿ ಮೇಲೆದ್ದು ಬಂದವು. ಚಿಕ್ಕಪ್ಪ, ನೀವು ಎಂದಾದರೂ ಬಂದರೆ ದಯವಿಟ್ಟು ಮೊದಲ ಹಾಡಿನ ಮೇಲೆ ತೀರ್ಪು ಕೊಡಬೇಡಿ. ಸ್ಪೀಕರಿನ ಮುಂದೆ ಅಂಟಿಕೊಂಡೂ ನಿಲ್ಲಬೇಡಿ.

ಈಗ ಆ ದಿನದ ಮುಖ್ಯ ಸಂಗತಿಗೆ ಬರುತ್ತೇನೆ. ಇಳಿಬಿಸಿಲಿನಲ್ಲಿ ನುಡಿಸಿದ ಬ್ಯಾಂಡಿನಲ್ಲಿ ಐದು ಜನರಿದ್ದರು. ಒಂದು ಹಾಡಿನ ನಡುವೆ ಗಿಟಾರಿನ ಅತಿ ತೆಳುವಾದ ತಂತಿ ಪಟ್ಟೆಂದು ಹರಿಯಿತು. ಒಂದು ತಂತಿ ಹೋದರೆ ಇನ್ನೈದು ಇವೆಯಲ್ಲ ಎಂದು ನಮಗೆ ತೋರಬಹುದು, ಆದರೆ ಅವನ ಗಿಟಾರಿನಲ್ಲಿ ತಂತಿಗಳನ್ನು ಹಿಡಿದಿರುವ ಬ್ರಿಡ್ಜ್ ಒಳಗಿನ ಸ್ಪ್ರಿಂಗುಗಳ ಎಳೆತಕ್ಕೂ ತಂತಿಗಳ ಎಳೆತಕ್ಕೂ ನಡುವೆ ತೂಗುತ್ತಿರುತ್ತದೆ. ಒಂದು ತಂತಿ ಹರಿದ ಕೂಡಲೇ ಸ್ಪ್ರಿಂಗಿನ ಕೈ ಮೇಲಾಗಿ ಉಳಿದ ಐದೂ ತಂತಿಗಳು ಬಿಗಿದು ಶ್ರುತಿ ಏರಿಬಿಡುತ್ತದೆ. ಅಂದರೆ ಆ ಕ್ಷಣಕ್ಕೆ ಅವನ ಕೈಯಲ್ಲಿದ್ದ ವಾದ್ಯ ಪೂರ್ತಿ ನಿರುಪಯುಕ್ತ. ಅವನು ಒಂದು ಸ್ವರವನ್ನೂ ಹೆಚ್ಚು ನುಡಿಸದೆ ಅಂಗೈಯಿಂದ ತಂತಿಗಳನ್ನು ಅದುಮಿ ಹಿಡಿದು ತಲೆಯೆತ್ತಿದ. ತಗ್ಗಿನ ಸ್ವರಗಳ ಬೇಸ್ ಗಿಟಾರ್ ನುಡಿಸುವವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ನೋಡಿದವಳೇ ಡ್ರಮ್ಸಿನ ಕಡೆಗೆ ಅರ್ಧ ಹೆಜ್ಜೆ ತಿರುಗಿ, ತಾನು ನುಡಿಸುತ್ತಿದ್ದ ಸ್ವರಗಳ ಸಣ್ಣ ತಿರುವನ್ನೇ ಮತ್ತೆ ಮತ್ತೆ ಸುತ್ತಲು ತೊಡಗಿದಳು. ಡ್ರಮ್ಸಿನವನು ಸದ್ದನ್ನು ಇಳಿಸಿದ. ಮುಂದಿನ ಚರಣಕ್ಕೆ ಬಾಯಿ ತೆರೆದಿದ್ದ ಹಾಡುಗಾರ್ತಿ ಉಸಿರನ್ನು ಹಾಗೆಯೇ ಒಳಗಿಟ್ಟುಕೊಂಡು ಮೈಕಿನಿಂದ ಹಿಂದೆ ಸರಿದು ನಿಂತಳು. ಗಿಟಾರಿನಲ್ಲಿ ಬರಬೇಕಾಗಿದ್ದ ಮೇಳದ ಸಾಲನ್ನು ಕೀಬೋರ್ಡಿನವನು ಎಡಗೈಯಲ್ಲಿ ಎತ್ತಿಕೊಂಡ. ಯಾರೂ ಒಂದು ಮಾತನ್ನೂ ಆಡಲಿಲ್ಲ. ಗಿಟಾರಿನವನು ಹಿಂದಿನ ಸ್ಟ್ಯಾಂಡಿನಲ್ಲಿದ್ದ ಇನ್ನೊಂದು ಗಿಟಾರನ್ನು ಕೊರಳಿಗೆ ಹಾಕಿ, ಹಳೆಯದರ ಕೇಬಲನ್ನು ಅದಕ್ಕೆ ಸಿಕ್ಕಿಸಿ, ತಕ್ಷಣ ನುಡಿಸದೆ ಎರಡು ಸುತ್ತು ಕಾದು, ಮೂರನೆಯ ಸುತ್ತಿನ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಸೇರಿದ. ಹಾಡುಗಾರ್ತಿ ಅದೇ ಪೆಟ್ಟಿಗೆ ಚರಣ ಎತ್ತಿದಳು. ಮೈದಾನದಲ್ಲಿದ್ದ ಬಹುಪಾಲು ಜನರಿಗೆ ಅದು ಹಾಡಿನಲ್ಲೇ ಇದ್ದ ಒಂದು ಮೆಲುವಾದ ಭಾಗ ಎನಿಸಿರಬೇಕು. ನನಗೆ ಮಾತ್ರ ಕಣ್ಣು ತುಂಬಿ ಬಂದಿತು. ಧ್ವನಿಮುದ್ರಣದಲ್ಲಿ ಈ ಭಾಗ ಇಲ್ಲ, ಇರಲು ಸಾಧ್ಯವೂ ಇಲ್ಲ. ಅವರೇ ನಾಳೆ ಮತ್ತೆ ನುಡಿಸಿದರೂ ಬಾರದು.

ಇದರ ನಂತರ ನಾನು ಒಂದು ತಪ್ಪು ಮಾಡಿದೆ. ಮೂರು ವೇದಿಕೆಗಳಲ್ಲಿ ಒಂದೇ ಸಮಯಕ್ಕೆ ಕಾರ್ಯಕ್ರಮಗಳಿದ್ದವು. ಎಲ್ಲವನ್ನೂ ಕೇಳಬೇಕೆಂಬ ಆಸೆಯಿಂದ ಒಂದು ಗಂಟೆ ಕಾಲ ಅಲ್ಲಿ ಎರಡು ಹಾಡು, ಇಲ್ಲಿ ಎರಡು ಹಾಡು ಎಂದು ಓಡಾಡಿದೆ. ಆ ಗಂಟೆಯಲ್ಲಿ ಕೇಳಿದ ಯಾವುದೂ ಈಗ ನೆನಪಿನಲ್ಲಿಲ್ಲ. ಒಂದು ಬ್ಯಾಂಡ್ ತನ್ನ ಮುಕ್ಕಾಲು ಗಂಟೆಯನ್ನು ಯೋಚಿಸಿ ಕಟ್ಟಿರುತ್ತದೆ: ಎಲ್ಲಿ ಏರಬೇಕು, ಎಲ್ಲಿ ತಣಿಯಬೇಕು, ಜನರಿಗೆ ಗೊತ್ತಿರುವ ಹಾಡನ್ನು ಯಾವಾಗ ಹೊರತೆಗೆಯಬೇಕು ಎಂದು. ನಡುವೆ ಬಂದು ನಡುವೆ ಹೋಗುವವರಿಗೆ ಆ ಕಟ್ಟಡ ಕಾಣುವುದಿಲ್ಲ. ದಿನಕ್ಕೆ ನಾಲ್ಕು ಬ್ಯಾಂಡ್ ಪೂರ್ತಿಯಾಗಿ ಕೇಳಿದರೆ ಸಾಕು, ಐದನೆಯದಕ್ಕೆ ಕಿವಿಯೂ ಮನಸ್ಸೂ ಒಪ್ಪುವುದಿಲ್ಲ ಎಂಬುದು ನನ್ನ ಈಗಿನ ಅಭಿಪ್ರಾಯ. ಆ ಓಡಾಟದಲ್ಲಿ ಒಂದೇ ಒಂದು ಲಾಭವಾಯಿತು. ವೇದಿಕೆಯೇ ಇಲ್ಲದೆ ಬೀದಿಯ ತಿರುವಿನಲ್ಲಿ ನಿಂತು ಟ್ರಂಪೆಟ್, ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಹವ್ಯಾಸಿಗಳ ಗುಂಪೊಂದನ್ನು ನಿಂತು ಕೇಳಿದೆ. ಹವ್ಯಾಸಿಗಳೂ ವೃತ್ತಿಪರರೂ ಹೀಗೆ ಬೀದಿಗೆ ಬಂದು ನುಡಿಸಲಿ, ಜನ ಹಣ ಕೊಡದೆ ಕೇಳಲಿ ಎಂಬ ಆಶಯದಿಂದ 1982ರ ಜೂನ್ 21ರಂದು ಫ್ರಾನ್ಸಿನಲ್ಲಿ ಮೊದಲ ಬಾರಿ ಸಂಗೀತದ ಹಬ್ಬ ನಡೆಯಿತು. ಆಗ ಅಲ್ಲಿ ಸಂಸ್ಕೃತಿ ಸಚಿವರಾಗಿದ್ದವರು ಜಾಕ್ ಲಾಂಗ್. ಇಂದು ವಿಶ್ವ ಸಂಗೀತ ದಿನವೆಂದು ಅನೇಕ ದೇಶಗಳಲ್ಲಿ ಆಚರಿಸುವುದು ಅದನ್ನೇ. ನಗರವನ್ನೇ ವೇದಿಕೆಯಾಗಿಸುವ ಆ ಆಲೋಚನೆ ಎಷ್ಟು ಸರಿಯಾದದ್ದು ಎಂಬುದು ಆ ಬೀದಿಯ ತಿರುವಿನಲ್ಲಿ ನನಗೆ ಮನದಟ್ಟಾಯಿತು.

ನಗರದ ನಡುವೆ ಕೇಳುವುದರಲ್ಲಿ ತೊಡಕುಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. ದೊಡ್ಡ ವೇದಿಕೆಯಿಂದ ಸುಮಾರು 70 ಮೀಟರ್ ಹಿಂದೆ ನಿಂತಿದ್ದಾಗ ಡ್ರಮ್ಮಿನ ಕೋಲು ಬೀಳುವುದು ಮೊದಲು ಕಂಡು, ಸದ್ದು ಆಮೇಲೆ ಕೇಳಿಸುತ್ತಿತ್ತು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ ಅಷ್ಟು ದೂರಕ್ಕೆ ಸೆಕೆಂಡಿನ ಐದನೆಯ ಒಂದು ಭಾಗ ತಡವಾಗುತ್ತದೆ. ಅದರ ಮೇಲೆ ನನ್ನ ಹಿಂದಿದ್ದ ಎತ್ತರದ ಕಟ್ಟಡದ ಗೋಡೆಗೆ ಬಡಿದು ಅದೇ ಪೆಟ್ಟು ಇನ್ನೊಮ್ಮೆ ಕೇಳಿಸಿ, ಲಯ ಎರಡಾದಂತೆ ಭಾಸವಾಯಿತು. ಹತ್ತು ಹೆಜ್ಜೆ ಪಕ್ಕಕ್ಕೆ ಹೋದೆ, ಸರಿಹೋಯಿತು. ಇನ್ನೊಂದು ತೊಡಕು ತಗ್ಗಿನ ಸ್ವರಗಳದ್ದು. ಬೇಸ್ ಗಿಟಾರಿನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದರ ಒಂದೊಂದು ಅಲೆಯ ಉದ್ದ ಎಂಟು ಮೀಟರಿಗಿಂತ ಹೆಚ್ಚು. ಅಂಥ ಅಲೆ ಗೋಡೆಗಳನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಉತ್ಸವ ನಡೆಯುವ ಕಡೆ ಪಕ್ಕದ ಬೀದಿಯವರಿಗೆ ಹಾಡು ಕೇಳಿಸದೆ ಬರೀ ದಡದಡ ಕೇಳಿಸುವುದು ಇದರಿಂದಲೇ, ಅವರು ಕೋಪಗೊಂಡರೆ ಅದರಲ್ಲಿ ನ್ಯಾಯವಿದೆ.

ಅಕ್ಕ, ಇನ್ನು ಪುಟ್ಟಿಯ ಕಿವಿಯ ವಿಷಯ. ನೀನು ಕೇಳಿದ್ದು ಅತ್ಯಂತ ಸರಿಯಾದ ಪ್ರಶ್ನೆ, ದೊಡ್ಡವರೂ ಕೇಳಿಕೊಳ್ಳಬೇಕಾದದ್ದು. ನಮ್ಮ ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿವೆ. ಒಂದು ಕಿವಿಗೆ ಸುಮಾರು 15,000. ಒಮ್ಮೆ ನಾಶವಾದರೆ ಅವು ಮತ್ತೆ ಹುಟ್ಟುವುದಿಲ್ಲ. ಕಾರ್ಖಾನೆಯಂಥ ಜಾಗಗಳಲ್ಲಿ ಕೆಲಸ ಮಾಡುವವರಿಗಾಗಿ ತಜ್ಞರು ಹಾಕಿರುವ ಒಂದು ಲೆಕ್ಕದ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು. ಅದರ ಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಮುಟ್ಟಿದರೆ ಉಳಿಯುವುದು ಹದಿನೈದೇ ನಿಮಿಷ, ವೇದಿಕೆಯ ಹತ್ತಿರ ಆ ಮಟ್ಟ ಅಪರೂಪವೇನಲ್ಲ. ಇದು ದೊಡ್ಡವರ ಲೆಕ್ಕ, ಮಕ್ಕಳಿಗೆ ಇನ್ನೂ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆಂದೇ ಮಾನದಂಡ ಹೊರಡಿಸಿ, ಹದಿನೈದು ನಿಮಿಷಗಳ ಸರಾಸರಿ 100 ಡೆಸಿಬಲ್ ಮೀರಬಾರದು, ಕೇಳುಗರಿಗೆ ಕಿವಿಯ ರಕ್ಷಣೆ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಜಾಗ ಇರಬೇಕು ಎಂದು ಹೇಳಿದೆ. ನಾನು ಆ ದಿನ ಇಯರ್ ಪ್ಲಗ್ ಹಾಕಿಕೊಂಡೇ ಕೇಳಿದೆ. ಸಂಗೀತಕ್ಕೆಂದೇ ಮಾಡಿದ ಪ್ಲಗ್ ಎಲ್ಲ ಸ್ವರಗಳನ್ನೂ ಸುಮಾರು ಸಮನಾಗಿ ತಗ್ಗಿಸುವುದರಿಂದ ಹಾಡಿನ ಮಾತುಗಳು ಮೊದಲಿಗಿಂತ ಬಿಡಿಬಿಡಿಯಾಗಿ ಕೇಳಿಸಿದವು. ಪುಟ್ಟಿಗೆ ಪ್ಲಗ್ ಬೇಡ. ಎಳೆಯ ಕಿವಿಯಲ್ಲಿ ಅದು ಎಷ್ಟೋ ಬಾರಿ ಸರಿಯಾಗಿ ಕೂರುವುದಿಲ್ಲ, ಮಕ್ಕಳು ಗೊತ್ತಾಗದಂತೆ ಕಿತ್ತುಕೊಂಡಿರುತ್ತಾರೆ. ಇಡೀ ಕಿವಿಯನ್ನು ಮುಚ್ಚುವ ಇಯರ್ ಮಫ್ ಹಾಕಿದರೆ ಅದು ಸರಿದದ್ದು ದೂರದಿಂದಲೇ ನಮ್ಮ ಕಣ್ಣಿಗೆ ಬೀಳುತ್ತದೆ. ಎರಡು ಬ್ಯಾಂಡ್ ಕೇಳಿಸಿ, ನಡುವೆ ಒಂದಿಷ್ಟು ಹೊತ್ತು ಸದ್ದಿಲ್ಲದ ಕಡೆ ಕೂರಿಸಿ, ಕತ್ತಲಾಗುವ ಮೊದಲೇ ಮನೆಗೆ ಕರೆದುಕೊಂಡು ಬರೋಣ. ಕಿವಿಯಲ್ಲಿ ಗುಂಯ್ ಎನ್ನುತ್ತಿದೆ ಎಂದು ಅವಳು ಹೇಳಿದರೆ ಆ ಕ್ಷಣವೇ ಹೊರಡೋಣ.

ಚಿಕ್ಕಪ್ಪ, ನಿಮಗೆ ಬಹಳ ಹೊತ್ತು ನಿಲ್ಲಲು ಆಗುವುದಿಲ್ಲವೆಂದು ಬಲ್ಲೆ. ಚಿಕ್ಕ ವೇದಿಕೆಯ ಮಿಕ್ಸರ್ ಮೇಜಿನ ಬಲಗಡೆಯಲ್ಲಿ ಕುಳಿತುಕೊಳ್ಳಲು ಅಗಲವಾದ ಕಲ್ಲಿನ ಕಟ್ಟೆ ಇದೆ, ಅಲ್ಲಿಂದ ಡ್ರಮ್ಸ್ ನುಡಿಸುವವರ ಕಾಲೂ ಕಾಣುತ್ತದೆ. ಭಾನುವಾರ ಮೂರು ಗಂಟೆಯ ಬ್ಯಾಂಡಿಗೆ ಅರ್ಧ ಗಂಟೆ ಮೊದಲೇ ಹೋದರೆ ಅವರು ಜೋಡಿಸಿಕೊಳ್ಳುವುದನ್ನೂ ನೋಡಬಹುದು. ಅಕ್ಕ, ಇಯರ್ ಮಫ್ ತರಿಸಲು ಪುಟ್ಟಿಯ ತಲೆಯ ಸುತ್ತಳತೆ ಬೇಕು, ಇವತ್ತು ರಾತ್ರಿಯೊಳಗೆ ಅಳೆದು ಇಲ್ಲಿಯೇ ಹಾಕು.