ತಮ್ಮಾ, ನಿನ್ನ ಕೈಯಲ್ಲಿ ಉಳಿಯುವುದೇನು ಅಂತ ಕೇಳಿದೆಯಲ್ಲ

ತಮ್ಮಾ, ನಿನ್ನೆ ರಾತ್ರಿ ಗ್ರೂಪಲ್ಲಿ ನೀನು ಹಾಕಿದ್ದನ್ನು ಈಗ ನೋಡಿದೆ. ಕುಡಿತ ಬಿಟ್ಟು 40 ದಿನ ಆಯ್ತು, ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಮೀಟಿಂಗಲ್ಲಿ ಅವರ ಹನ್ನೆರಡು ಹೆಜ್ಜೆಗಳಲ್ಲಿ ಮೂರನೇ ಹೆಜ್ಜೆ ಅಂದರೆ ನಮ್ಮ ಇಚ್ಛೆಯನ್ನೂ ಬದುಕನ್ನೂ ದೇವರಿಗೆ ಒಪ್ಪಿಸುವುದು ಅನ್ನುತ್ತಾರೆ, ಆಮೇಲೆ ನನ್ನ ಕೈಯಲ್ಲಿ ಉಳಿಯುವುದೇನು ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ನಾನೂ ದೇವರ ಹೆಸರು ಹಿಡಿದೇ ಬಿಡಲು ನೋಡಿದವನು. ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಮೇಲೆ ಆಣೆ ಮಾಡಿ ಬಂದೆ. 11 ದಿನ ನಡೆಯಿತು, ನಿನ್ನ ಅತ್ತಿಗೆಗೆ ಗೊತ್ತು. ಆಮೇಲೆ ಹೊಳೆಯಿತು, ಆಣೆಯಲ್ಲೂ ಹಟ ನನ್ನದೇ. ‘ನಾನು’ ಕುಡಿಯಲ್ಲ ಅಂದೆ, ದೇವರನ್ನು ಬರೀ ಸಾಕ್ಷಿಗೆ ನಿಲ್ಲಿಸಿದೆ. ಒಪ್ಪಿಸುವುದು ಬೇರೆ ಕಣೋ. ಒಂದು ಬೆಳಗ್ಗೆ ದೇವರ ಮನೆಯಲ್ಲಿ ಸುಮ್ನೆ ಕೂತೆ, ದೀಪ ಕೂಡ ಹಚ್ಚಿರಲಿಲ್ಲ. ನನ್ನಿಂದ ಆಗುತ್ತಿಲ್ಲಪ್ಪಾ, ನೀನೇ ನೋಡಿಕೋ ಅಂತ ಅತ್ತೆ. ಅವತ್ತು ಸಂಜೆ ಆರೂವರೆಗೂ ಕಾಲು ಬಾರಿನ ಕಡೆಗೇ ಎಳೆಯಿತು. ಆದರೆ ಒಂದೇ ಕ್ವಾರ್ಟರ್, ನಾಳೆಯಿಂದ ಬಿಡೋಣ ಅನ್ನುವ ಚೌಕಾಸಿ ಒಳಗೆ ನಡೆಯಲಿಲ್ಲ. ಸ್ಪಾನ್ಸರ್‌ಗೆ, ಅಂದರೆ ಎ.ಎ.ಯಲ್ಲಿ ನನ್ನ ಕೈಹಿಡಿದು ನಡೆಸುವ ಹಳಬರಿಗೆ, ಫೋನ್ ಮಾಡಿದೆ, ಅವರು ಬಾ ಅಂದ ಕಡೆ ಹೋಗಿ ಕೂತೆ. ಎಷ್ಟು ಹಗುರ ಆಯ್ತು ಗೊತ್ತಾ? ಮನೆಗೆ ಬಂದು ಮಗಳ ಪಕ್ಕ ಕೂತು ಅನ್ನ ಸಾರು ತಿಂದೆ. ಅನ್ನದ ರುಚಿ ಗೊತ್ತಾಗಿ ಎಷ್ಟೋ ವರ್ಷ ಆಗಿತ್ತು.

ಎ.ಎ. ಶುರುವಾದದ್ದೂ ಹಾಗೇ ಅಲ್ವಾ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್. ಎ.ಎ. ಶುರು ಮಾಡಿದ ಇಬ್ಬರಲ್ಲಿ ಒಬ್ಬನಾದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರಕ್ಕೆ ಅಂತ ಬಂದಿದ್ದ, ಅದು ಕೆಟ್ಟಿತು. ಹೋಟೆಲ್ ಲಾಬಿಯಲ್ಲಿ ಒಬ್ಬನೇ, ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಅವನು ಫೋನಿನ ಕಡೆ ಹೋದ. ನನ್ನಂಥ ಇನ್ನೊಬ್ಬ ಕುಡುಕನ ಹತ್ತಿರ ಮಾತಾಡಬೇಕು ಅಂತ ಚರ್ಚಿನವರನ್ನು ಕೇಳಿದ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್, ಎ.ಎ. ಶುರು ಮಾಡಿದ ಇನ್ನೊಬ್ಬರು. ಅವರೂ ಆಮೇಲೆ ಒಮ್ಮೆ ಜಾರಿದರು. ಜೂನ್ 10ಕ್ಕೆ ಕೊನೆಯ ಸಲ ಕುಡಿದದ್ದು. ಎ.ಎ. ಹುಟ್ಟಿದ ದಿನ ಅಂತ ಅದನ್ನೇ ಲೆಕ್ಕ ಇಡುತ್ತಾರೆ.

ನಿನ್ನ ಕೈಯಲ್ಲಿ ಉಳಿಯುವುದು ಆ ಫೋನು, ತಮ್ಮಾ.

ಯಾವ ದೇವರು ಅಂತ ತಲೆ ಕೆಡಿಸಿಕೊಳ್ಳಬೇಡ. ನಾವು ಅರಿತುಕೊಂಡ ಹಾಗಿನ ದೇವರು ಅಂತಲೇ ಆ ಹೆಜ್ಜೆಯಲ್ಲಿದೆ. ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ನೀನಾಗಿ ನಿಲ್ಲಿಸಬೇಡ. ಎಲ್ಲ ದೇವರಿಗೆ ಬಿಟ್ಟೆ ಅಂತ ಮಾತ್ರೆ ಬಿಟ್ಟು ಒದ್ದಾಡಿದವರನ್ನು ನೋಡಿದ್ದೇನೆ.

ಇವತ್ತು ಆರೂವರೆಗೆ ನಾನೇ ನಿನ್ನ ಮನೆಗೆ ಬರುತ್ತೇನೆ. ಅತ್ತಿಗೆ ಕೋಡುಬಳೆ ಮಾಡಿದ್ದಾಳೆ, ಕಟ್ಟಿಸಿಕೊಂಡು ಬರುತ್ತೇನೆ. ಮೀಟಿಂಗಿಗೆ ಒಟ್ಟಿಗೆ ಹೋಗೋಣ.