ಬಸುರಿ, ಕೂಸು, ಕುಟುಂಬದ ಫೋಟೋ: ತೆಗೆಸಿದವರು ಅನುಭವ ಹಂಚಿಕೊಳ್ಳಿ

ವಿಜಯನಗರದ ಗರ್ಭಿಣಿ (ಪ್ರಶ್ನೆ):
ನನಗೀಗ 29 ವಾರ. ಮುಂದಿನ ತಿಂಗಳು ಸೀಮಂತವಿದೆ. ಆ ವಾರವೇ ಬಸುರಿಯ ಫೋಟೋ, ಹೆರಿಗೆಯಾದ ಎರಡು ವಾರದೊಳಗೆ ಕೂಸಿನ ಫೋಟೋ, ನಾಮಕರಣದ ಆಸುಪಾಸಿನಲ್ಲಿ ಇಡೀ ಕುಟುಂಬದ ಒಂದು ಫೋಟೋ ತೆಗೆಸಬೇಕೆಂದಿದ್ದೇವೆ. ಒಂದು ಸ್ಟುಡಿಯೊದವರು ಮೂರಕ್ಕೂ ಸೇರಿಸಿ 42,000 ರೂಪಾಯಿ ಹೇಳಿ ಅರ್ಧ ಹಣವನ್ನು ಮುಂಗಡವಾಗಿ ಕೇಳುತ್ತಿದ್ದಾರೆ. ಸ್ಟುಡಿಯೊ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನಮ್ಮ ಮಾವನವರು ಗಾಲಿಕುರ್ಚಿಯಲ್ಲಿರುವವರು. ಮೂರನ್ನೂ ಒಂದೇ ಕಡೆ ತೆಗೆಸುವುದು ಒಳ್ಳೆಯದೇ, ಬೇರೆ ಬೇರೆ ಕಡೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಬನಶಂಕರಿಯ ತಾಯಿ:
ಪ್ಯಾಕೇಜ್ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾವು ಒಪ್ಪಿಕೊಂಡದ್ದು 38,000 ರೂಪಾಯಿಗೆ, ಕೊನೆಗೆ ತೆತ್ತದ್ದು 51,340. ಹೇಳಿದ ದರದ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 6,840, ದಿನ ಬದಲಿಸಿದ್ದಕ್ಕೆ 2,500, ಲೆಕ್ಕಕ್ಕಿಂತ ಹೆಚ್ಚು ಆರಿಸಿಕೊಂಡ ಹತ್ತು ಫೋಟೋಗಳಿಗೆ ತಲಾ 400ರಂತೆ 4,000. ಹೆಚ್ಚು ಏಕೆ ಆರಿಸಿದಿರಿ ಎಂದು ಯಾರೂ ಕೇಳಬೇಡಿ. ಸ್ವಂತ ಮಗುವಿನ ಅರವತ್ತು ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ಹದಿನೈದನ್ನು ಬಿಟ್ಟು ಉಳಿದವನ್ನು ಅಳಿಸುತ್ತೇವೆ ಎಂದರೆ ಯಾವ ತಾಯಿ ಸುಮ್ಮನೆ ಎದ್ದು ಬರುತ್ತಾಳೆ?

ಡಾಕ್ಟರು ಕೊಟ್ಟ ಹೆರಿಗೆಯ ದಿನಾಂಕವನ್ನು ನಂಬಿ ಅದರ ಎಂಟನೆಯ ದಿನಕ್ಕೆ ಗೊತ್ತುಮಾಡಿಕೊಂಡಿದ್ದೆವು. ಮಗಳು ಹನ್ನೊಂದು ದಿನ ಮೊದಲೇ ಹುಟ್ಟಿದಳು. ಮೂರನೆಯ ದಿನ ಕಾಮಾಲೆ ಏರಿ ಎರಡು ರಾತ್ರಿ ನೀಲಿ ಬೆಳಕಿನ ಕೆಳಗೆ ಇರಿಸಿದರು. ಹತ್ತನೆಯ ದಿನಕ್ಕೆ ಬದಲಿಸಿಕೊಂಡೆವು, ಆ ದಿನವೇ ಮತ್ತೊಮ್ಮೆ ರಕ್ತ ಪರೀಕ್ಷೆಗೆ ಬರಹೇಳಿದರು. ಎರಡನೆಯ ಸಲ ಬದಲಿಸಿದ್ದಕ್ಕೆ 2,500 ಕಿತ್ತುಕೊಂಡು 24ನೆಯ ದಿನ ಕೊಟ್ಟರು. ಅಷ್ಟು ಹೊತ್ತಿಗೆ ಕೂಸು ಮುದುರಿ ಮಲಗುವುದನ್ನು ಮರೆತಿತ್ತು. ಕಾಲನ್ನು ಮಡಿಸಿದಂತೆಲ್ಲ ಸ್ಪ್ರಿಂಗಿನಂತೆ ಚಾಚುತ್ತಿತ್ತು. ಮೂರೂವರೆ ಗಂಟೆಯಲ್ಲಿ ನಿದ್ದೆ ಮಾಡಿದ್ದು ಇಪ್ಪತ್ತು ನಿಮಿಷ. ನನ್ನ ಹೊಲಿಗೆ ಇನ್ನೂ ಎಳೆಯುತ್ತಿತ್ತು, ಕೂರಲು ಅಲ್ಲಿದ್ದದ್ದು ಬೆನ್ನಿಲ್ಲದ ಒಂದು ಸ್ಟೂಲು.

ರಾಜಾಜಿನಗರದ ತಂದೆ:
ಮೇಲಿನ ಸೋದರಿಯವರ ಕಷ್ಟಕ್ಕೆ ಮರುಗುತ್ತೇನೆ, ಆದರೆ 51,000 ಕೊಟ್ಟವರ ಮಾತು ಕೇಳಿ ಯಾರೂ ಹೆದರಬೇಕಾಗಿಲ್ಲ. ನನ್ನ ಮಗನ ಫೋಟೋಗಳನ್ನು ನಾನೇ ಮನೆಯಲ್ಲಿ ತೆಗೆದೆ. ಒಟ್ಟು ಖರ್ಚು 1,870 ರೂಪಾಯಿ. ಚಿಕ್ಕಪೇಟೆಯಲ್ಲಿ ಮೂರು ಮೀಟರ್ ಕೆನೆಬಣ್ಣದ ಬಟ್ಟೆ, ಒಂದು ಬೆತ್ತದ ಬುಟ್ಟಿ, ಅದರೊಳಗೆ ಹಾಸಲು ಒಂದು ದಪ್ಪ ಟವೆಲ್, ಅಷ್ಟೇ. ಪೂರ್ವದ ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ, ಬೆಳಗ್ಗೆ ಒಂಬತ್ತಕ್ಕೆ ಬಲ್ಬುಗಳನ್ನೆಲ್ಲ ಆರಿಸಿ, ಬೆಳಕು ಮಗುವಿನ ತಲೆಯ ಕಡೆಯಿಂದ ಇಳಿಯುವಂತೆ ಹಾಸಿಗೆ ತಿರುಗಿಸಿದೆ. ಪಾದದ ಕಡೆಯಿಂದ ಬೆಳಕು ಬಿದ್ದರೆ ಮೂಗಿನ ನೆರಳು ಹಣೆಗೇರಿ ಮುಖ ಭೂತದಂತೆ ಕಾಣುತ್ತದೆ. ಮೊದಲ ದಿನದ ನಲವತ್ತು ಫೋಟೋಗಳನ್ನು ಹಾಳುಮಾಡಿಕೊಂಡ ಮೇಲೆ ಇದು ತಿಳಿಯಿತು. ಸ್ಟುಡಿಯೊದವರಂತೆ ಮುಂಗೈಗಳ ಮೇಲೆ ಗದ್ದವೂರಿ ಮಲಗಿಸುವ ಭಂಗಿಯನ್ನೂ ಪ್ರಯತ್ನಿಸಿ, ಮೂರನೆಯ ಸಲಕ್ಕೆ ಯಶಸ್ವಿಯಾದೆ.

ಕ್ಯಾಮೆರಾ ಹಿಡಿದವನು:
ಹನ್ನೊಂದು ವರ್ಷಗಳಿಂದ ಇದೇ ವೃತ್ತಿಯಲ್ಲಿರುವವನಾಗಿ, ಮೇಲಿನವರ ಕೊನೆಯ ವಾಕ್ಯವನ್ನು ಓದಿ ನನ್ನ ಎದೆ ಝಲ್ಲೆಂದಿತು. ಆ ಭಂಗಿ ನೀವು ನೋಡುವಂತೆ ಒಂದೇ ಫೋಟೋ ಅಲ್ಲ. ಒಂದರಲ್ಲಿ ಸಹಾಯಕರು ಮಗುವಿನ ತಲೆಯನ್ನು ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಮಣಿಕಟ್ಟುಗಳನ್ನು ಹಿಡಿದಿರುತ್ತಾರೆ. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಕೈಗಳನ್ನು ಅಳಿಸಲಾಗುತ್ತದೆ. ಹಸುಗೂಸಿನ ಕತ್ತು ತಲೆಯ ಭಾರವನ್ನು ತಡೆಯುವುದಿಲ್ಲ. ‘ಮೂರನೆಯ ಸಲಕ್ಕೆ’ ಎಂದು ಹೆಮ್ಮೆಯಿಂದ ಬರೆದಿದ್ದೀರಲ್ಲ, ಮೊದಲ ಎರಡು ಸಲ ತಲೆ ಎತ್ತ ವಾಲಿತು ಎಂಬುದನ್ನೂ ಬರೆಯಿರಿ ಸ್ವಾಮಿ.

ಇನ್ನು ದರದ ವಿಚಾರ. ಹಸುಗೂಸಿನ ಶೂಟ್ ಎಂದರೆ ನಾವು ಆ ದಿನ ಬೇರೆ ಕೆಲಸ ಒಪ್ಪುವುದಿಲ್ಲ. ಬಟ್ಟೆ ಬಿಚ್ಚಿದ ಮಗುವಿಗೆ ಕೋಣೆ 27 ಡಿಗ್ರಿಗಿಂತ ಬೆಚ್ಚಗಿರಬೇಕು, ಆದ್ದರಿಂದ ಏಪ್ರಿಲ್ ತಿಂಗಳಲ್ಲೂ ಹೀಟರ್ ಹಚ್ಚಿ ನಾವು ಬೆವರು ಸುರಿಸುತ್ತೇವೆ. ಒಂದು ಶೂಟಿನಲ್ಲಿ ನಾಲ್ಕು ಹೊದಿಕೆಗಳಾದರೂ ಒದ್ದೆಯಾಗುತ್ತವೆ, ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಹೆರಿಗೆ ಹೇಳಿದ ದಿನವೇ ಆಗುವುದು ನೂರರಲ್ಲಿ ನಾಲ್ಕೈದು ಮಂದಿಗೆ. ಅದಕ್ಕಾಗಿಯೇ ನಾನು ದಿನ ಬರೆದುಕೊಳ್ಳದೆ ವಾರವನ್ನು ಮಾತ್ರ ಹಿಡಿದಿಟ್ಟು, ಹೆರಿಗೆಯಾದ ಕೂಡಲೇ ಕರೆ ಮಾಡಿ ಎನ್ನುತ್ತೇನೆ. ಬನಶಂಕರಿಯವರು ಎಡವಿದ್ದು ಇಲ್ಲಿ.

ಬನಶಂಕರಿಯ ತಾಯಿ:
ಎಡವಿದ್ದು ನಾನೇ? ಮೂರು ಪುಟಗಳ ಕರಾರಿನಲ್ಲಿ ಹೆರಿಗೆಯ ದಿನ ಹಿಂದುಮುಂದಾಗುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಎಡಿಟ್ ಮಾಡದ ಮೂಲ ಫೈಲುಗಳನ್ನಾದರೂ ಕೊಡಿ ಎಂದು ಕೇಳಿದ್ದಕ್ಕೆ, ಹಕ್ಕು ತಮ್ಮದು ಎಂದರು. ನನ್ನ ಮಗು, ನನ್ನ ಹಣ, ಹಕ್ಕು ಅವರದ್ದೇ?

ಕ್ಯಾಮೆರಾ ಹಿಡಿದವನು:
ಅರೆಬೆಂದ ಅನ್ನವನ್ನು ಯಾವ ಹೋಟೆಲಿನವರೂ ಬಡಿಸುವುದಿಲ್ಲ. ಫೋಟೋ ತೆಗೆದವನದ್ದೇ ಹಕ್ಕು, ಇದು ಎಲ್ಲರಿಗೂ ತಿಳಿದ ವಿಷಯ.

ಜೆ.ಪಿ. ನಗರದ ವಕೀಲೆ:
ಎಲ್ಲರಿಗೂ ತಿಳಿದ ವಿಷಯ ತಪ್ಪಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಆ ‘ಬೇರೆ ಕರಾರು’ ಎಂಬುದನ್ನು ಸ್ಟುಡಿಯೊದವರು ಸಣ್ಣ ಅಕ್ಷರಗಳಲ್ಲಿ ಸೇರಿಸಿ ಸಹಿ ಹಾಕಿಸಿಕೊಂಡಿರುತ್ತಾರೆ. ಒಡೆತನ ನಿಮ್ಮದಾದ ಮಾತ್ರಕ್ಕೆ ಮೂಲ ಫೈಲುಗಳನ್ನು ಕೈಗಿಡಬೇಕೆಂದೂ ಆಗುವುದಿಲ್ಲ. ಅದನ್ನು ಮೊದಲೇ ಬರೆಸಿಕೊಳ್ಳಬೇಕು. ನಾನು ನನ್ನ ಅವಳಿ ಮಕ್ಕಳ ಫೋಟೋಗೆ ಮುಂಚೆ ಎರಡು ಸಾಲು ಹೊಡೆದುಹಾಕಿ ಒಂದು ಸಾಲು ಸೇರಿಸಿದೆ: ಮಕ್ಕಳ ಚಿತ್ರಗಳನ್ನು ಜಾಹೀರಾತಿಗೆ ಬಳಸತಕ್ಕದ್ದಲ್ಲ. ಸ್ಟುಡಿಯೊದವರು ಮುಖ ಸಿಂಡರಿಸಿದರು, ಸಹಿ ಹಾಕಿದರು.

ಮಲ್ಲೇಶ್ವರದ ಅಜ್ಜಿ:
ಪುರುಡು ಕಳೆಯುವ ಮೊದಲೇ, ಎಂಟನೆಯ ದಿನಕ್ಕೇ ಬಾಣಂತಿಯನ್ನೂ ಎಳೆಕೂಸನ್ನೂ ಆಟೋದಲ್ಲಿ ಹೊರಡಿಸುವ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಿದ್ದೀರಿ! ನಮ್ಮ ಮನೆಯಲ್ಲಿ ಛಾಯಾಗ್ರಾಹಕನನ್ನೇ ಮನೆಗೆ ಕರೆಸಿದೆವು. ಸಾಂಬ್ರಾಣಿ ಹೊಗೆ ಹಾಕಿದ ಕೋಣೆ, ಎಣ್ಣೆನೀರು ಎರೆಸಿಕೊಂಡು ಹಾಲು ಕುಡಿದು ಮಲಗಿದ ಮಗು. ಅದಕ್ಕಿಂತ ಗಾಢನಿದ್ದೆ ಯಾವ ಸ್ಟುಡಿಯೊದಲ್ಲಿ ಬರುತ್ತದೆ? ತೊಂದರೆ ಕೊಟ್ಟದ್ದು ಸೊಸೆಯ ಕೈಯ ಹಸಿರು ಗಾಜಿನ ಬಳೆಗಳು ಮಾತ್ರ. ಮಗುವನ್ನು ಬುಟ್ಟಿಗೆ ಇಳಿಸುವಷ್ಟರಲ್ಲಿ ಝಣ್ ಎಂದು ಸದ್ದಾಗಿ ಎರಡು ಸಲ ಎಚ್ಚರವಾಯಿತು. ಸೀಮಂತದ ಬಳೆ ತೆಗೆಯಲು ಅವಳಿಗೂ ಮನಸ್ಸಿಲ್ಲ, ನನಗೂ ಇಲ್ಲ. ಕೊನೆಗೆ ನನ್ನ ಹಳೆಯ ಹತ್ತಿ ಸೀರೆಯ ಅಂಚನ್ನು ಹರಿದು ಬಳೆಗಳ ಸುತ್ತ ಬಿಗಿಯಾಗಿ ಸುತ್ತಿದೆ. ಕೆನ್ನೆಯ ದೃಷ್ಟಿಬೊಟ್ಟನ್ನು ಎಡಿಟ್‌ನಲ್ಲಿ ಅಳಿಸಿದ್ದನ್ನು ನೋಡಿ, ಆಲ್ಬಮ್ ವಾಪಸು ಕಳಿಸಿ ಮತ್ತೆ ಹಾಕಿಸಿದೆ.

ಎಚ್‌ಎಸ್‌ಆರ್ ಬಡಾವಣೆಯ ಅಮ್ಮ:
ಅಜ್ಜಿ, ಬಾಣಂತಿ ಹೊರಗೆ ಹೋಗುವುದು ಬಿಡುವುದು ಅವಳ ಡಾಕ್ಟರಿಗೂ ಅವಳಿಗೂ ಬಿಟ್ಟ ವಿಷಯ. ಹೊಗೆ ತುಂಬಿದ ಕೋಣೆಯಲ್ಲಿ ಕೂಸನ್ನು ಮಲಗಿಸಬೇಡಿ ಎಂದು ನಮ್ಮ ಮಕ್ಕಳ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ನನ್ನ ಕಥೆ ಬಸುರಿಯ ಫೋಟೋದ್ದು. 28ರಿಂದ 34 ವಾರದೊಳಗೆ ಮುಗಿಸಿ ಎಂದವರ ಮಾತು ಕೇಳದೆ 36ನೆಯ ವಾರಕ್ಕೆ ಹೊರಟೆ. ಕಾಲು ಊದಿ ಹೊಸ ಚಪ್ಪಲಿ ಹತ್ತಲಿಲ್ಲ, ಉಂಗುರ ಸೋಪು ಹಚ್ಚಿದರೂ ಬೆರಳು ಬಿಡಲಿಲ್ಲ. ಬಾಡಿಗೆ ಗೌನಿಗೆ 3,500, ಮುಖಾಲಂಕಾರಕ್ಕೆ 4,000, ಟ್ಯಾಕ್ಸಿಗೆ 1,260. ಅನುಮತಿ ಪಡೆಯದೆ ಒಂದು ಉದ್ಯಾನಕ್ಕೆ ಹೋಗಿದ್ದರಿಂದ ಕಾವಲುಗಾರರು ದೊಡ್ಡ ಕ್ಯಾಮೆರಾ ಕಂಡು ತಡೆದರು, ತಪ್ಪು ನಮ್ಮದೇ. ಇನ್ನೊಂದು ಜಾಗ ಹುಡುಕುವಷ್ಟರಲ್ಲಿ ಮೇ ತಿಂಗಳ ಸಂಜೆಮಳೆ ಸುರಿಯಿತು. ಗೌನಿನ ಬಾಲ ಕೆಸರಾಗಿ, ಅದಕ್ಕೂ 1,000 ಕಡಿತ. ಮನೆಯಿಂದ ಬಿಗಿ ಎಲಾಸ್ಟಿಕ್ಕಿನ ಪೈಜಾಮ ತೊಟ್ಟು ಹೋಗಿದ್ದರಿಂದ ಹೊಟ್ಟೆಯ ಮೇಲೆ ಕೆಂಪು ಪಟ್ಟಿ ಮೂಡಿತ್ತು, ಅದು ಒಂದು ಗಂಟೆಯಾದರೂ ಹೋಗಲಿಲ್ಲ.

ಮಲ್ಲೇಶ್ವರದ ಅಜ್ಜಿ:
ಹೊಗೆ ಹಾಕಿ, ಅದು ಆರಿದ ಮೇಲೆ ಮಲಗಿಸಿದ್ದು ತಾಯಿ. ಮಳೆಯಲ್ಲಿ ತುಂಬುಬಸುರಿ ಊರು ಸುತ್ತಬಹುದು, ನನ್ನ ಸಾಂಬ್ರಾಣಿ ಮಾತ್ರ ಅಪಾಯವೇ?

ರಾಜಾಜಿನಗರದ ತಂದೆ:
ಕ್ಯಾಮೆರಾದವರೇ, ನನ್ನ ಮಗ ಚೆನ್ನಾಗಿಯೇ ಇದ್ದಾನೆ, ಈಗ ಎರಡನೆಯ ತರಗತಿ. ವ್ಯಾಪಾರ ಕೆಡುತ್ತದೆಂದು ಹೆದರಿಸಬೇಡಿ. ಆದರೂ ಆ ಜೋಡಿಸುವ ವಿಷಯ ನನಗೆ ಗೊತ್ತಿರಲಿಲ್ಲ. ಹೆಂಡತಿ ಆಗಲೇ ಬೇಡವೆಂದಿದ್ದಳು.

ವಿಜಯನಗರದ ಗರ್ಭಿಣಿ:
ಎಲ್ಲರಿಗೂ ಧನ್ಯವಾದಗಳು. ಮಾವನವರ ಗಾಲಿಕುರ್ಚಿಯ ವಿಷಯವನ್ನು ಮಾತ್ರ ಯಾರೂ ಹೇಳಲಿಲ್ಲ.

ಜೆ.ಪಿ. ನಗರದ ವಕೀಲೆ:
ಕ್ಷಮಿಸಿ, ಜಗಳದಲ್ಲಿ ಮರೆತೆವು. ನಮ್ಮ ತಂದೆಯವರೂ ಹಾಗೆಯೇ ಇದ್ದರು. ಕುಟುಂಬದ ಫೋಟೋವನ್ನು ಪ್ಯಾಕೇಜಿನಿಂದ ಕೈಬಿಡಿಸಿ, ನಾಮಕರಣದ ದಿನ ಮನೆಯಲ್ಲೇ, ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ಮಾವನವರನ್ನು ಪಕ್ಕಕ್ಕೆ ಸರಿಸದೆ ನಡುವೆ ಕೂರಿಸಿ, ಉಳಿದವರೆಲ್ಲ ಕುರ್ಚಿ, ಮಣೆಗಳ ಮೇಲೆ ಅವರ ಎತ್ತರಕ್ಕೆ ಕುಳಿತುಕೊಳ್ಳಿ. ನಿಂತರೆ ಅವರೊಬ್ಬರೇ ಹಳ್ಳದಲ್ಲಿದ್ದಂತೆ ಕಾಣುತ್ತಾರೆ. ಮಗುವನ್ನು ಅವರ ತೊಡೆಯ ಮೇಲೆ ದಿಂಬಿಟ್ಟು ಮಲಗಿಸಿ, ಒಬ್ಬರ ಕೈ ಕೆಳಗಿರಲಿ. ಚಕ್ರದ ಬ್ರೇಕ್ ಹಾಕಲು ಮರೆಯಬೇಡಿ, ನಾವು ಮರೆತಿದ್ದೆವು.

ಕ್ಯಾಮೆರಾ ಹಿಡಿದವನು:
ಸಣ್ಣ ಚೌಕಳಿಯ ಅಂಗಿ ಯಾರೂ ತೊಡಬೇಡಿ, ಫೋಟೋದಲ್ಲಿ ಅಲೆಯಲೆಯಾಗಿ ಮಿನುಗುತ್ತದೆ. 42,000ದಲ್ಲಿ ಆ ಒಂದು ಭಾಗಕ್ಕೆ ಎಷ್ಟು ಹಿಡಿದಿದ್ದಾರೆ ಎಂದು ಕೇಳಿ ಇಲ್ಲಿ ಬರೆಯಿರಿ, ಹೆಚ್ಚಾದರೆ ಹೇಳುತ್ತೇನೆ.

ಬನಶಂಕರಿಯ ತಾಯಿ:
ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಅದನ್ನೂ ಕೇಳಿ.